ಕಚೇರಿಗೆ ರಜೆ, ಕೆಲಸಗಾರನಿಗೆ ಬಡ್ಡಿ

ಅಮೆರಿಕದ ಒಕ್ಕೂಟ ಸರ್ಕಾರ 2025ರ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ 43 ದಿನ ಬಾಗಿಲು ಹಾಕಿತ್ತು. ಅಲ್ಲಿನ ಸಂಸತ್ತು ವೆಚ್ಚಕ್ಕೆ ಒಪ್ಪಿಗೆ ನೀಡದಿದ್ದರೆ ಅಗತ್ಯ ಸೇವೆಗಳನ್ನು ಬಿಟ್ಟು ಉಳಿದ ಕಚೇರಿಗಳು ಕೆಲಸ ನಿಲ್ಲಿಸಬೇಕಾಗುತ್ತದೆ. ನಮ್ಮಲ್ಲಿ ಅಂಥ ಪ್ರಸಂಗ ಬರುವುದಿಲ್ಲ. ಬಜೆಟ್ಟಿನ ಅಂಗೀಕಾರ ತಡವಾದರೆ ಸಂವಿಧಾನದ 116 ಮತ್ತು 206ನೆಯ ವಿಧಿಗಳನ್ವಯ ಲೇಖಾನುದಾನ ಪಡೆದು ಆಡಳಿತವನ್ನು ಮುಂದುವರಿಸಬಹುದು. ಆದಕಾರಣ ಇದು ನಮಗೆ ಸಂಬಂಧಿಸದ ಸುದ್ದಿಯೆಂದು ಪುಟ ತಿರುವಿದವರೇ ಹೆಚ್ಚು.

ಆದರೆ ಆ ಪ್ರಕರಣದಲ್ಲಿ ನಾವು ಗಮನಿಸಬೇಕಾದ ಅಂಶವೊಂದಿದೆ. 2018–19ರಲ್ಲಿ 35 ದಿನ ಕಚೇರಿಗಳು ಮುಚ್ಚಿದ್ದಾಗ ಅಮೆರಿಕ ಒಂದು ಕಾಯಿದೆ ಮಾಡಿ, ಒಕ್ಕೂಟದ ನೌಕರರಿಗೆ ಮುಚ್ಚಿದ ಅವಧಿಯ ವೇತನವನ್ನು ನಂತರ ನೀಡುವ ಏರ್ಪಾಡು ಮಾಡಿತು. ಅದೇ ಕಟ್ಟಡಗಳಲ್ಲಿ ಗುತ್ತಿಗೆದಾರರ ಮೂಲಕ ಕಸ ಗುಡಿಸುವವರು, ಕಾವಲು ಕಾಯುವವರು, ಕ್ಯಾಂಟೀನ್ ನಡೆಸುವವರು ಆ ಕಾಯಿದೆಯ ವ್ಯಾಪ್ತಿಗೆ ಬರಲಿಲ್ಲ. ಒಂದೇ ಬಾಗಿಲು ಮುಚ್ಚಿದಾಗ ಒಬ್ಬನ ಸಂಬಳ ತಡವಾಯಿತು, ಇನ್ನೊಬ್ಬನದು ಇಲ್ಲವೇ ಆಯಿತು.

ಈ ಭೇದ ನಮಗೆ ಹೊಸತೇ? ನಾನು ವಾಸಿಸುವ ಮೈಸೂರಿನ ಮಂಡಿ ಮೊಹಲ್ಲಾದಂಥ ಹಳೆಯ ಬಡಾವಣೆಯಲ್ಲಿ ಸರ್ಕಾರಿ ಕೆಲಸಕ್ಕೆ ಹೋಗುವ, ಆದರೆ ಸರ್ಕಾರಿ ನೌಕರರಲ್ಲದ ಜನ ಎಷ್ಟೋ ಮಂದಿ ಇದ್ದಾರೆ. ಆಸ್ಪತ್ರೆಯ ಆಯಾ, ಕಚೇರಿಯ ಡೇಟಾ ಎಂಟ್ರಿ ಆಪರೇಟರ್, ಜೀಪಿನ ಚಾಲಕ, ಗೇಟಿನ ಸೆಕ್ಯೂರಿಟಿ, ಹೀಗೆ. ನಾವು ಪ್ರತಿದಿನ ಎದುರಾಗುವ ಸರ್ಕಾರದ ಮುಖ ಬಹುಮಟ್ಟಿಗೆ ಇವರದೇ. ಆದರೆ ಲೆಕ್ಕಪತ್ರದಲ್ಲಿ ಇವರ ಕೂಲಿ ವೇತನವೆಂದು ಎಣಿಕೆಯಾಗುವುದಿಲ್ಲ. ಅದು ಗುತ್ತಿಗೆದಾರನ ಬಿಲ್ಲು. ಕಾಯಂ ನೌಕರನ ವೇತನ ತಿಂಗಳು ತಿಂಗಳು ತಪ್ಪದೆ ಪಾಸಾಗುತ್ತದೆ. ಗುತ್ತಿಗೆದಾರನ ಬಿಲ್ಲು ಮಾತ್ರ ಅನುದಾನ ಬಿಡುಗಡೆ, ಹಾಜರಾತಿ ದೃಢೀಕರಣ, ಟೆಂಡರ್ ನವೀಕರಣ, ಮಾರ್ಚ್ ಕೊನೆಯ ನೂಕುನುಗ್ಗಲು ಇವೆಲ್ಲವನ್ನೂ ದಾಟಿ ಬರಬೇಕು. ಎಲ್ಲಿ ತಡೆ ಬಿದ್ದರೂ ಆ ಕೆಲಸಗಾರನ ಪಾಲಿಗೆ ಸರ್ಕಾರ ಮುಚ್ಚಿದಂತೆಯೇ.

ನಮ್ಮಲ್ಲಿ ಅಕ್ಷರಶಃ ಬಾಗಿಲು ಮುಚ್ಚಿದ್ದು 2020ರ ಮಾರ್ಚ್‌ನಲ್ಲಿ. ಆಗ ಕೇಂದ್ರ ಹಣಕಾಸು ಸಚಿವಾಲಯ ವಿವೇಕದ ಹೆಜ್ಜೆಯೊಂದನ್ನು ಇಟ್ಟಿತು. ತನ್ನ ಇಲಾಖೆಗಳ ಗುತ್ತಿಗೆ, ದಿನಗೂಲಿ ಮತ್ತು ಹೊರಗುತ್ತಿಗೆ ಸಿಬ್ಬಂದಿ ಲಾಕ್‌ಡೌನ್‌ನಿಂದಾಗಿ ಮನೆಯಲ್ಲೇ ಉಳಿಯಬೇಕಾಗಿ ಬಂದರೂ ಕರ್ತವ್ಯದ ಮೇಲಿದ್ದಾರೆಂದೇ ಭಾವಿಸಿ ವೇತನ ಕೊಡಬೇಕೆಂದು ಮಾರ್ಚ್ 23ರಂದು ಆದೇಶ ಹೊರಡಿಸಿತು. ಅಮೆರಿಕ ಶಾಸನ ಮಾಡಿಯೂ ಕೊಡದಿದ್ದುದನ್ನು ನಮ್ಮಲ್ಲಿ ಒಂದು ಕಚೇರಿ ಜ್ಞಾಪನ ಕೊಟ್ಟಿತು ಎಂಬುದನ್ನು ಮೆಚ್ಚಲೇಬೇಕು. ಆದರೆ ಅದು ತಾತ್ಕಾಲಿಕ ಆದೇಶ, ಕೇಂದ್ರದ ಇಲಾಖೆಗಳಿಗೆ ಸೀಮಿತ. ಎಲ್ಲ ಉದ್ಯೋಗದಾತರೂ ವೇತನ ಕಡಿತ ಮಾಡಬಾರದೆಂದು ಗೃಹ ಸಚಿವಾಲಯ ಮಾರ್ಚ್ 29ರಂದು ಹೊರಡಿಸಿದ್ದ ಆದೇಶವೂ ಮೇ 18ರಿಂದ ಇಲ್ಲವಾಯಿತು. ಇತ್ತ ಕಾಲೇಜುಗಳು ಮುಚ್ಚಿದಾಗ ನಮ್ಮ ಸರ್ಕಾರಿ ಪದವಿ ಕಾಲೇಜುಗಳ ಅತಿಥಿ ಉಪನ್ಯಾಸಕರು ಗೌರವಧನವಿಲ್ಲದೆ ತಿಂಗಳುಗಳನ್ನು ಕಳೆದರು. ಆಗ ಅವರಿಗೆ ಸಲ್ಲುತ್ತಿದ್ದುದೇ ಮಾಸಿಕ 11 ರಿಂದ 13 ಸಾವಿರ ರೂಪಾಯಿ. ಅದು ಹೆಚ್ಚಿದ್ದು 2022ರ ಜನವರಿಯಲ್ಲಿ.

ವೇತನ ತಡವಾದರೇನು, ಕೊನೆಗೆ ಬರುತ್ತದಲ್ಲ ಎನ್ನುವವರುಂಟು. ಅವರು ಒಂದು ಸಣ್ಣ ಲೆಕ್ಕ ಮಾಡಿ ನೋಡಲಿ. ತಿಂಗಳಿಗೆ 15 ಸಾವಿರ ದುಡಿಯುವ ಹೆಣ್ಣುಮಗಳೊಬ್ಬಳಿಗೆ ಎರಡು ತಿಂಗಳು ಸಂಬಳ ಬರಲಿಲ್ಲವೆನ್ನೋಣ. ಮನೆ ಬಾಡಿಗೆಗೆ, ಮಗುವಿನ ಶಾಲೆಯ ಶುಲ್ಕಕ್ಕೆ, ಸಂಘದ ಕಂತಿಗೆ ಆಕೆ ನೂರಕ್ಕೆ ಐದರ ಬಡ್ಡಿಯಲ್ಲಿ 20 ಸಾವಿರ ಕೈಸಾಲ ಮಾಡಿದರೆ ತಿಂಗಳಿಗೆ 1,000 ರೂಪಾಯಿ ಬಡ್ಡಿ. ವರ್ಷದ ಲೆಕ್ಕದಲ್ಲಿ ಶೇ 60. ರಾಜ್ಯ ಸರ್ಕಾರ ಮಾರುಕಟ್ಟೆಯಲ್ಲಿ ಶೇ 7ರ ಆಸುಪಾಸಿನಲ್ಲಿ ಸಾಲ ಎತ್ತಬಲ್ಲದು. ಅಂದರೆ ಬಿಲ್ಲನ್ನು ತಡೆಹಿಡಿಯುವ ಸರ್ಕಾರ ತಾನು ಅಗ್ಗವಾಗಿ ಪಡೆಯಬಹುದಾದ ಸಾಲವನ್ನು ಅತ್ಯಂತ ದುಬಾರಿ ಸಾಲಗಾರಳ ಹೆಗಲಿಗೆ ದಾಟಿಸುತ್ತದೆ. ಬಾಕಿ ಬಂದಾಗ ಅಸಲು ತೀರೀತು. ಬಡ್ಡಿಯನ್ನು ಯಾರು ಕೊಡುತ್ತಾರೆ?

ನಷ್ಟ ಅಲ್ಲಿಗೇ ನಿಲ್ಲದು. ಇಎಸ್‌ಐ ಯೋಜನೆಯಲ್ಲಿ ಅನಾರೋಗ್ಯ ಭತ್ಯೆ ಪಡೆಯಲು ಆರು ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ಇರಬೇಕು. ದೀರ್ಘ ಕಾಲ ಕೆಲಸ ನಿಂತು ಕೂಲಿಯೂ ಇಲ್ಲದಾದರೆ ಈ ರಕ್ಷಣೆಯೇ ಕಳಚಿಬೀಳಬಹುದು. ಸಂಸಾರಕ್ಕೆ ಆಸರೆ ಬೇಕಾದ ಹೊತ್ತಿನಲ್ಲೇ ಅದು ತಪ್ಪುತ್ತದೆ.

ಕಚೇರಿ ತೆರೆದಿದ್ದೂ ಖಜಾನೆ ಮುಚ್ಚಿದರೆ ಏನಾಗುತ್ತದೆಂಬುದಕ್ಕೂ ನಿದರ್ಶನವಿದೆ. ಬೆಂಗಳೂರಿನ ಪೌರಕಾರ್ಮಿಕರನ್ನು ಗುತ್ತಿಗೆದಾರರಿಂದ ಬಿಡಿಸಿ ನೇರ ಪಾವತಿಗೆ ತರುವ ಹೊತ್ತಿನಲ್ಲಿ ಹಲವರ ವೇತನ ತಿಂಗಳುಗಟ್ಟಲೆ ನಿಂತಿತು. 2018ರ ಜುಲೈನಲ್ಲಿ ಅವರಲ್ಲೊಬ್ಬರು ಆತ್ಮಹತ್ಯೆ ಮಾಡಿಕೊಂಡರು. ಒಳ್ಳೆಯ ಉದ್ದೇಶದ ಸುಧಾರಣೆಯೂ ಮುಂಜಾಗ್ರತೆಯಿಲ್ಲದಿದ್ದರೆ ಪ್ರಾಣಕ್ಕೆ ಎರವಾದೀತು. ಅದೇ ಬೆಂಗಳೂರಿನಲ್ಲಿ 2025ರ ಮೇ 1ರಂದು 12,692 ಪೌರಕಾರ್ಮಿಕರಿಗೆ ಕಾಯಂ ನೇಮಕಾತಿ ಪತ್ರ ನೀಡಲಾಯಿತು. ಇಚ್ಛಾಶಕ್ತಿಯಿದ್ದರೆ ದಾರಿಯೂ ಇದೆ ಎಂಬುದಕ್ಕೆ ಇದು ಸಾಕ್ಷಿ.

ಎಲ್ಲರನ್ನೂ ಕಾಯಂ ಮಾಡಬೇಕೆಂಬುದು ನನ್ನ ವಾದವಲ್ಲ. ಕರ್ನಾಟಕದ್ದೇ ಆದ ಉಮಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ನೀಡಿದ ತೀರ್ಪು ಆ ದಾರಿಗೆ ಮಿತಿ ಹಾಕಿದೆ. ಆದರೆ ಕಾಯಮಾತಿಯ ಪ್ರಶ್ನೆ ಬೇರೆ, ಕೂಲಿಯ ಪ್ರಶ್ನೆ ಬೇರೆ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಉದ್ಯೋಗದಾತನೇ ಕೊಡಬೇಕೆಂದು 1970ರ ಗುತ್ತಿಗೆ ಕಾರ್ಮಿಕರ ಕಾಯಿದೆ ಹೇಳಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ‘ಅವರು ನಮ್ಮ ನೌಕರರಲ್ಲ’ ಎಂಬ ಉತ್ತರ ಕೂಲಿಯ ವಿಷಯದಲ್ಲಿ ಕಾನೂನಿಗೆ ಒಪ್ಪುವಂಥದ್ದಲ್ಲ.

ಆಗಬೇಕಾದುದು ಮೂರು. ಹೊರಗುತ್ತಿಗೆ ಬಿಲ್ಲಿನಲ್ಲಿ ಕೂಲಿಯ ಭಾಗವನ್ನು ಬೇರ್ಪಡಿಸಿ, ವೇತನದಷ್ಟೇ ಆದ್ಯತೆಯಲ್ಲಿ ಖಜಾನೆಯಿಂದ ಕೆಲಸಗಾರರ ಬ್ಯಾಂಕ್ ಖಾತೆಗೆ ನೇರವಾಗಿ ಜಮಾ ಮಾಡಬೇಕು. ಸರ್ಕಾರವೇ ತನ್ನ ಕಚೇರಿಯನ್ನು ಮುಚ್ಚಿದ ದಿನಗಳನ್ನು ಕೆಲಸದ ದಿನಗಳೆಂದೇ ಪರಿಗಣಿಸುವ ಷರತ್ತು ಪ್ರತಿಯೊಂದು ಟೆಂಡರಿನಲ್ಲಿ ಇರಬೇಕು. 2020ರ ಮಾರ್ಚ್ 23ರ ಆದೇಶವೇ ಇದಕ್ಕೆ ಮಾದರಿ. ಪಾವತಿ ತಡವಾದರೆ ಬಡ್ಡಿಯನ್ನೂ ಸರ್ಕಾರವೇ ಭರಿಸಬೇಕು. ಇದರಿಂದ ಬೊಕ್ಕಸಕ್ಕೆ ದೊಡ್ಡ ಹೊರೆಯೇನೂ ಆಗದು. ಕೂಲಿಯ ಮೊತ್ತ ಗುತ್ತಿಗೆಯ ಅಂದಾಜಿನಲ್ಲಿ ಮೊದಲೇ ಸೇರಿರುತ್ತದೆ. ಬದಲಾಗಬೇಕಾದುದು ಸರದಿಯಲ್ಲಿ ಅದರ ಸ್ಥಾನವಷ್ಟೆ.

ಸಂವಿಧಾನ ರಚಿಸಿದವರು ಸರ್ಕಾರ ಒಂದು ದಿನವೂ ನಿಲ್ಲಬಾರದೆಂದು ಲೇಖಾನುದಾನದ ಅವಕಾಶ ಇಟ್ಟರು. ಆ ಸರ್ಕಾರದ ಅಂಗಳ ಗುಡಿಸುವವಳ ಮನೆಯ ಒಲೆಯೂ ನಿಲ್ಲದಂತೆ ನೋಡಿಕೊಳ್ಳಲು ಸಂವಿಧಾನದ ತಿದ್ದುಪಡಿ ಬೇಕಿಲ್ಲ, ಹಣಕಾಸು ಇಲಾಖೆಯ ಒಂದು ಆದೇಶ ಸಾಕು.