ಅರ್ಧಕ್ಕೆ ಬಿಟ್ಟ ಕಾಲೇಜು, ಪೂರ್ತಿ ಉಳಿದ ಸಾಲ

ಪಿಯುಸಿ ಫಲಿತಾಂಶ ಪ್ರಕಟವಾದ ಬೆನ್ನಿಗೆ ನಮ್ಮ ಪಟ್ಟಣಗಳಲ್ಲಿ ಪ್ರತಿಭಾ ಪುರಸ್ಕಾರಗಳು ಆರಂಭವಾಗುತ್ತವೆ. ಶಿಕ್ಷಣದ ಕುರಿತು ಸಮುದಾಯದಲ್ಲಿ ಮೂಡಿರುವ ಈ ಜಾಗೃತಿ ಸಂತೋಷದ ವಿಷಯವೇ. ಆದರೆ ಅಂದು ವೇದಿಕೆಯೇರಿದ ಮಕ್ಕಳಲ್ಲಿ ಎಷ್ಟು ಮಂದಿ ಪದವಿಯ ಎರಡನೇ ವರ್ಷದ ತರಗತಿಯಲ್ಲಿದ್ದಾರೆ ಎಂದು ವಿಚಾರಿಸುವವರು ವಿರಳ. ತಂದೆಯ ಅನಾರೋಗ್ಯ, ಗಲ್ಫ್‌ನಿಂದ ಬಂದ ವೀಸಾ, ಕೂಡಿ ಬಂದ ವಿವಾಹ ಸಂಬಂಧ, ಮೊದಲ ಸೆಮಿಸ್ಟರ್‌ನಲ್ಲೇ ಅನುತ್ತೀರ್ಣವಾದ ವಿಷಯಗಳು- ಹೀಗೆ ಕಾರಣಗಳು ಹಲವು. ಕಾರಣ ಯಾವುದೇ ಇರಲಿ, ಕಾಲೇಜು ಬಿಡುವ ನಿರ್ಧಾರವನ್ನು ನಾವು ಮನೆಯೊಳಗಿನ ವಿಚಾರವೆಂದೇ ಭಾವಿಸಿದ್ದೇವೆ. ಆದರೆ ಆ ವಿದ್ಯಾರ್ಥಿಯ ಹೆಸರಿನಲ್ಲಿ ವಿದ್ಯಾರ್ಥಿವೇತನವೋ ಶೈಕ್ಷಣಿಕ ಸಾಲವೋ ಇದ್ದರೆ ಈ ನಿರ್ಧಾರಕ್ಕೆ ಇನ್ನೊಂದು ಬೆಲೆಯಿದೆ. ಹೆಚ್ಚಿನವರಿಗೆ ಅದು ತಿಳಿಯುವುದು ಬ್ಯಾಂಕಿನ ನೋಟೀಸು ಮನೆ ತಲುಪಿದಾಗಲೇ.

ಸಾಲದ ವಿಷಯವನ್ನೇ ಮೊದಲು ನೋಡೋಣ. ವಾರ್ಷಿಕ ವರಮಾನ ನಾಲ್ಕೂವರೆ ಲಕ್ಷ ರೂಪಾಯಿ ಮೀರದ ಕುಟುಂಬಗಳ ಮಕ್ಕಳು ಮಾನ್ಯತೆ ಪಡೆದ ಸಂಸ್ಥೆಗಳಲ್ಲಿ ವೃತ್ತಿಪರ ಅಥವಾ ತಾಂತ್ರಿಕ ಕೋರ್ಸುಗಳಿಗಾಗಿ ಬ್ಯಾಂಕ್ ಸಾಲ ಪಡೆದರೆ, ವ್ಯಾಸಂಗದ ಅವಧಿಯ ಮತ್ತು ಆ ಬಳಿಕದ ಒಂದು ವರ್ಷದ ಬಡ್ಡಿಯನ್ನು ಕೇಂದ್ರ ಸರಕಾರವೇ ಭರಿಸುವ ಯೋಜನೆ 2009ರಿಂದ ಜಾರಿಯಲ್ಲಿದೆ. ಬಡ್ಡಿಯೆಂದರೆ ಹಿಂಜರಿಯುವ ನಮ್ಮ ಕುಟುಂಬಗಳು ಈ ಭರವಸೆಯ ಮೇಲೆ ಸಾಲಪತ್ರಕ್ಕೆ ಸಹಿ ಹಾಕುವುದುಂಟು. ಆದರೆ ಕೋರ್ಸನ್ನು ಮಧ್ಯದಲ್ಲೇ ತೊರೆದವರಿಗೂ, ಶಿಸ್ತಿನ ಅಥವಾ ಕಲಿಕೆಯ ಕಾರಣಕ್ಕೆ ಸಂಸ್ಥೆಯಿಂದ ಹೊರಹಾಕಲ್ಪಟ್ಟವರಿಗೂ ಈ ಬಡ್ಡಿ ಸಹಾಯಧನ ದೊರೆಯದು ಎಂದು ಯೋಜನೆಯ ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಇರುವುದು ಒಂದೇ ವಿನಾಯಿತಿ- ಅನಾರೋಗ್ಯ. ಅದಕ್ಕೂ ಸಂಸ್ಥೆಯ ಮುಖ್ಯಸ್ಥರಿಗೆ ಮನವರಿಕೆಯಾಗುವಂತಹ ದಾಖಲೆ ಒದಗಿಸಬೇಕು. ಅಂದರೆ ಯಾವ ಬಡ್ಡಿಯಿಂದ ಪಾರಾಗಲು ಆ ಕುಟುಂಬ ಈ ಯೋಜನೆಯ ನೆರಳಿಗೆ ಬಂದಿತ್ತೋ, ಅದೇ ಬಡ್ಡಿ ಕಾಲೇಜು ಬಿಟ್ಟ ಮೇಲೆ ಅದರ ಹೆಗಲೇರುತ್ತದೆ.

ಇಂತಹ ಸಂದರ್ಭದಲ್ಲಿ ಅತ್ಯಂತ ಅಪಾಯಕಾರಿಯಾದುದು ಮೌನ. ಭಾರತೀಯ ಬ್ಯಾಂಕುಗಳ ಸಂಘದ ಮಾದರಿ ಸಾಲ ಯೋಜನೆಯಲ್ಲಿ, ನಿಗದಿತ ಸಮಯಕ್ಕೆ ಕೋರ್ಸು ಮುಗಿಸಲಾಗದವರಿಗೆ ಎರಡು ವರ್ಷಗಳವರೆಗೆ ಅವಧಿ ವಿಸ್ತರಣೆಗೆ ಅವಕಾಶವಿದೆ. ಅರ್ಧಕ್ಕೆ ಬಿಟ್ಟವರ ವಿಷಯದಲ್ಲಿ ವಿದ್ಯಾರ್ಥಿ ಮತ್ತು ಹೆತ್ತವರೊಂದಿಗೆ ಸಮಾಲೋಚಿಸಿ ಮರುಪಾವತಿಯ ಕಂತು ಗೊತ್ತುಪಡಿಸಬೇಕೆಂದೂ ಅದು ಹೇಳುತ್ತದೆ. ಸಮಾಲೋಚನೆ ನಡೆಯಬೇಕಾದರೆ ನಾವು ಬ್ಯಾಂಕಿನ ಬಾಗಿಲಿಗೆ ಹೋಗಬೇಕಷ್ಟೆ. ಕಂತು ಬಾಕಿಯಾಗಿ ತೊಂಬತ್ತು ದಿನ ಕಳೆದರೆ ಆ ಸಾಲ ವಸೂಲಾಗದ ಸಾಲಗಳ ಪಟ್ಟಿ ಸೇರುತ್ತದೆ. ಸಾಲಪತ್ರದಲ್ಲಿ ಹೆತ್ತವರೂ ಸಹ ಸಾಲಗಾರರಾಗಿರುವುದರಿಂದ ಕಳಂಕ ಅವರ ಹೆಸರಿಗೂ ತಟ್ಟುತ್ತದೆ. ನಾಳೆ ತಮ್ಮನ ಅಥವಾ ತಂಗಿಯ ವ್ಯಾಸಂಗಕ್ಕೆ ಸಾಲ ಕೇಳಲು ಹೋದಾಗ ಅದುವೇ ಅಡ್ಡಿಯಾಗುತ್ತದೆ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಕೂಡ ದಾನವಲ್ಲ, ಸಾಲ ಎಂಬುದನ್ನು ಇಲ್ಲಿ ನೆನಪಿಸಬೇಕಾಗಿದೆ.

ವಿದ್ಯಾರ್ಥಿವೇತನದ ಕತೆಯೂ ಭಿನ್ನವಲ್ಲ. ಪದವಿ ವಿದ್ಯಾರ್ಥಿಗಳಿಗೆ ವರ್ಷಕ್ಕೆ 12,000 ರೂ. ನೀಡುವ ಕೇಂದ್ರ ಸರಕಾರದ ವಿದ್ಯಾರ್ಥಿವೇತನ ನವೀಕರಣಗೊಳ್ಳಬೇಕಾದರೆ ಶೇ. 50 ಅಂಕ ಮತ್ತು ಶೇ. 75 ಹಾಜರಾತಿ ಬೇಕು. ಆದ್ದರಿಂದ ಟಿ.ಸಿ. ಪಡೆಯದೆ, ಯಾರಿಗೂ ತಿಳಿಸದೆ ತರಗತಿಗೆ ಹೋಗುವುದನ್ನು ನಿಲ್ಲಿಸಿದವರು ಸಹ ಅದನ್ನು ಕಳೆದುಕೊಳ್ಳುತ್ತಾರೆ. ಇನ್ನು, ಕಾಲೇಜು ಬಿಟ್ಟ ಮೇಲೂ ಖಾತೆಗೆ ಜಮೆಯಾದ ಹಣವನ್ನು ಬಳಸಿಕೊಳ್ಳುವುದು ಅಮಾನತ್ತಿನ ಉಲ್ಲಂಘನೆಯೇ ಆಗಿದೆ.

ಶುಲ್ಕದ ವಿಷಯದಲ್ಲಿ ದಿನಾಂಕವೇ ನಿರ್ಣಾಯಕ. ಯುಜಿಸಿಯ 2018ರ ಅಧಿಸೂಚನೆಯ ಪ್ರಕಾರ, ಪ್ರವೇಶದ ಅಂತಿಮ ದಿನಕ್ಕೆ ಹದಿನೈದು ದಿನ ಅಥವಾ ಅದಕ್ಕೂ ಮೊದಲೇ ಹಿಂದೆ ಸರಿದರೆ ಅಲ್ಪ ಕಡಿತದೊಂದಿಗೆ ಪೂರ್ಣ ಶುಲ್ಕವನ್ನೂ, ಆ ಬಳಿಕ ಅಂತಿಮ ದಿನದೊಳಗಾದರೆ ಶೇ. 90ನ್ನೂ ಮರಳಿಸಬೇಕು. ಅಂತಿಮ ದಿನ ಕಳೆದು ಹದಿನೈದು ದಿನಗಳೊಳಗೆ ಶೇ. 80, ಮೂವತ್ತು ದಿನಗಳೊಳಗೆ ಶೇ. 50, ಆನಂತರ ಏನೂ ಇಲ್ಲ. ಕೆಲವು ವರ್ಷಗಳಲ್ಲಿ ಯುಜಿಸಿ ಇದಕ್ಕಿಂತ ಉದಾರವಾದ ಗಡುವನ್ನೂ ಪ್ರಕಟಿಸಿದೆ. ವಿದ್ಯಾರ್ಥಿಯ ಮೂಲ ಅಂಕಪಟ್ಟಿಗಳನ್ನು ಕಾಲೇಜು ತನ್ನ ಬಳಿ ಇರಿಸಿಕೊಳ್ಳುವಂತಿಲ್ಲ ಎಂದೂ ಅದೇ ಅಧಿಸೂಚನೆ ಹೇಳುತ್ತದೆ. ಈ ನಿಯಮ ತಿಳಿಯದ ಹೆತ್ತವರು ಆಡಳಿತ ಮಂಡಳಿಯ ಮುಂದೆ ಕೈಮುಗಿದು ನಿಲ್ಲುವ ಸ್ಥಿತಿ ಬರಬಾರದು.

ನೆರವಿನ ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತಿರುವಾಗ ಉಳಿದುದನ್ನು ಕಳೆದುಕೊಳ್ಳುವುದು ಇನ್ನಷ್ಟು ದುಬಾರಿ. ಅಲ್ಪಸಂಖ್ಯಾತರಿಗಾಗಿ ಇದ್ದ ಮೌಲಾನಾ ಆಝಾದ್ ಫೆಲೋಶಿಪ್ ಮತ್ತು ವಿದೇಶ ವ್ಯಾಸಂಗದ ಬಡ್ಡಿ ಸಹಾಯಧನ ಯೋಜನೆಗಳನ್ನು ಕೇಂದ್ರ ಸರಕಾರ 2022ರಲ್ಲಿ ಕೈಬಿಟ್ಟಿತು. ಒಂದರಿಂದ ಎಂಟನೇ ತರಗತಿಯವರೆಗಿನ ವಿದ್ಯಾರ್ಥಿವೇತನವನ್ನೂ ಅದೇ ವರ್ಷ ನಿಲ್ಲಿಸಿತು. ಅರ್ಧಕ್ಕೆ ಬಿಟ್ಟವರನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗುವ ಸರಕಾರದ ಧೋರಣೆಯನ್ನೂ ನಾವು ಪ್ರಶ್ನಿಸಬೇಕಾಗಿದೆ. ದುಡಿಯುವ ತಂದೆಯನ್ನು ಕಳೆದುಕೊಂಡ ಮಗ ಕಾಲೇಜು ಬಿಟ್ಟರೆ ಅದು ಅವನ ಉಡಾಫೆಯೇ? 2022ರ ಸಮವಸ್ತ್ರ ಆದೇಶದ ಬಳಿಕ ಟಿ.ಸಿ. ಪಡೆದು ಹೊರನಡೆದ ಹೆಣ್ಮಕ್ಕಳು ಸ್ವಇಚ್ಛೆಯಿಂದ ಹೊರನಡೆದರೇ? ಅನಾರೋಗ್ಯಕ್ಕೆ ಇರುವ ವಿನಾಯಿತಿಯನ್ನು ಪೋಷಕರ ಮರಣಕ್ಕೂ ಇಂತಹ ಅನಿವಾರ್ಯಗಳಿಗೂ ವಿಸ್ತರಿಸಬೇಕೆಂಬ ಬೇಡಿಕೆಯನ್ನು ನಮ್ಮ ಜನಪ್ರತಿನಿಧಿಗಳು ಸದನದಲ್ಲಿ ಎತ್ತಬೇಕು. ಇದು ಒಂದು ಸಮುದಾಯದ ಬೇಡಿಕೆಯಲ್ಲ, ಎಲ್ಲ ಬಡ ವಿದ್ಯಾರ್ಥಿಗಳ ಹಕ್ಕು.

ಸಮುದಾಯದ ಹೊಣೆಯೂ ಕಡಿಮೆಯಲ್ಲ. ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಆದೇಶಿಸುವ ಸೂಕ್ತವೇ ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತವಾಗಿದೆ. ಅಂತಹ ಗ್ರಂಥದ ಅನುಯಾಯಿಗಳು ಸಾಲಪತ್ರವನ್ನು ಓದದೆ ಸಹಿ ಹಾಕುವುದು ಭೂಷಣವಲ್ಲ. ಝಕಾತ್‌ಗೆ ಅರ್ಹರಾದ ಎಂಟು ವರ್ಗಗಳಲ್ಲಿ ಸಾಲಗಾರರೂ ಸೇರಿದ್ದಾರೆ. ಹಾಗಿರುವಾಗ ಒಂದು ಸೆಮಿಸ್ಟರಿನ ಶುಲ್ಕಕ್ಕೆ ಗತಿಯಿಲ್ಲದೆ ಕಾಲೇಜು ಬಿಡಲು ಹೊರಟ ಬಡ ವಿದ್ಯಾರ್ಥಿಯನ್ನು ತಡೆದು ನಿಲ್ಲಿಸಲು ನಮ್ಮ ಬೈತುಲ್ ಮಾಲ್‌ಗಳಿಗೆ ಸಾಧ್ಯವಾಗದೇ? ಪ್ರತಿ ಜಮಾಅತ್‌ನಲ್ಲಿ ಈ ನಿಯಮಗಳನ್ನು ಬಲ್ಲ ಒಬ್ಬ ಉಪನ್ಯಾಸಕರೋ ಬ್ಯಾಂಕ್ ಉದ್ಯೋಗಿಯೋ ವಾರಕ್ಕೊಮ್ಮೆ, ಜುಮಾ ನಮಾಝಿನ ಬಳಿಕ ಒಂದು ಗಂಟೆ ಕುಳಿತರೆ ಸಾಕು. ಟಿ.ಸಿ. ಅರ್ಜಿಗೆ ಸಹಿ ಬೀಳುವ ಮುನ್ನ ಹೆತ್ತವರು ಅವರನ್ನು ಕಾಣಲಿ. ಶುಲ್ಕ ಎಷ್ಟು ಮರಳುತ್ತದೆ, ವಿದ್ಯಾರ್ಥಿವೇತನದ ಗತಿಯೇನು, ಬ್ಯಾಂಕಿಗೆ ಏನೆಂದು ತಿಳಿಸಬೇಕು, ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯದಂತಹ ಬೇರೆ ದಾರಿಗಳಿವೆಯೇ ಎಂದು ಕೇಳಿ ತಿಳಿಯಲಿ. ಪ್ರತಿಭಾ ಪುರಸ್ಕಾರಗಳಿಗೆ ತೋರುವ ಉತ್ಸಾಹದ ಒಂದು ಪಾಲನ್ನು ಮಸೀದಿ ಕಮಿಟಿಗಳು ಈ ಕಡೆಗೂ ಹರಿಸಲಿ. ಅದನ್ನು ಈ ಶೈಕ್ಷಣಿಕ ವರ್ಷದಿಂದಲೇ ಆರಂಭಿಸಲಿ.