ಎಚ್ಚರಿಕೆಯ ಸಂದೇಶ ಯಾವಾಗ, ಯಾರಿಗೆ?

ಸಂಘದ ಲೆಕ್ಕಪತ್ರಗಳೆಲ್ಲ ಇಂದು ಕಚೇರಿಯ ಒಂದೇ ಸರ್ವರ್ ಕಂಪ್ಯೂಟರಿನಲ್ಲಿವೆ. ಅಡಿಕೆಯ ತೂಕ, ಕಾಫಿಯ ಮುಂಗಡ, ಸಾಲದ ಕಂತು, ಯಾವುದೂ ಅದರ ಹೊರಗಿಲ್ಲ. ಅದರ ಡಿಸ್ಕ್ ತುಂಬಿದರೆ ಹೊಸ ರಶೀದಿ ದಾಖಲಾಗದು, ಸದಸ್ಯರ ಪಾವತಿ ನಿಲ್ಲುತ್ತದೆ. ಯಂತ್ರದ ಮೇಲೆ ನಿಗಾ ಇಟ್ಟು ಮೊಬೈಲಿಗೆ ಎಚ್ಚರಿಕೆ ಕಳುಹಿಸುವ ಏರ್ಪಾಡು ಬೇಕೆಂಬುದರಲ್ಲಿ ಎರಡು ಮಾತಿಲ್ಲ. ನಮ್ಮ ತಕರಾರು ಅದರ ನಿಯಮಗಳ ಬಗ್ಗೆ.

ಪ್ರೊಸೆಸರ್, ಮೆಮೊರಿ, ಡಿಸ್ಕ್, ಯಾವುದೇ ಆಗಲಿ ಶೇ. 80 ದಾಟಿದೊಡನೆ ಕಾರ್ಯದರ್ಶಿಯಿಂದ ಹಿಡಿದು ನಿರ್ದೇಶಕರೆಲ್ಲರಿಗೂ ಸಂದೇಶ ಹೋಗಲಿ ಎಂಬ ಸಲಹೆ ಬಂದಿದೆ. ನಾವು ಇದನ್ನು ಒಪ್ಪುವುದಿಲ್ಲ. ಬಡ್ಡಿ ಲೆಕ್ಕ ಹಾಕುವಾಗ ಪ್ರೊಸೆಸರ್ ಹತ್ತು ನಿಮಿಷ ಶೇ. 95ರಲ್ಲಿ ಓಡುವುದು ಸಹಜ. ಕಾಫಿ ಕುಯ್ಲಿನ ದಿನ ಆಳು ಬೆವರಿದನೆಂದು ಯಾರಾದರೂ ಡಾಕ್ಟರನ್ನು ಕರೆಸುತ್ತಾರೆಯೇ? ಪ್ರೊಮಿಥಿಯಸ್ ಎಂಬ ಉಚಿತ ನಿಗಾ ತಂತ್ರಾಂಶದಲ್ಲಿ ಮಿತಿಯ ಜೊತೆಗೆ ಅವಧಿಯನ್ನೂ ಗೊತ್ತುಪಡಿಸಬಹುದು: ಅರ್ಧ ಗಂಟೆ ಎಡೆಬಿಡದೆ ಹಾಗೆಯೇ ಇದ್ದರೆ ಮಾತ್ರ ಸಂದೇಶ. ಮೆಮೊರಿಯದು ಇನ್ನೊಂದು ಬಗೆ. ಲಿನಕ್ಸ್ ವ್ಯವಸ್ಥೆಯು ಬಳಕೆಯಿಲ್ಲದ ಮೆಮೊರಿಯಲ್ಲಿ ಕಡತಗಳ ನಕಲು ಇಟ್ಟುಕೊಂಡು, ಬೇಕಾದಾಗ ತೆರವು ಮಾಡಿಕೊಡುತ್ತದೆ. ಅಲ್ಲಿ 'ಖಾಲಿ' ಎಂಬ ಅಂಕಿಯನ್ನಲ್ಲ, 'ಲಭ್ಯ' ಎಂಬುದನ್ನು ನೋಡಬೇಕು.

ಡಿಸ್ಕಿನಲ್ಲಿ ಶೇಕಡಾ ಲೆಕ್ಕಕ್ಕಿಂತ ತುಂಬುವ ವೇಗವೇ ಮುಖ್ಯ. 20 ಜಿಬಿ ಉಳಿದಿದ್ದು ದಿನಕ್ಕೆ 50 ಎಂಬಿ ಏರುತ್ತಿದ್ದರೆ 400 ದಿನ ನಿಶ್ಚಿಂತೆ. 5 ಜಿಬಿ ಏರುತ್ತಿದ್ದರೆ ನಾಲ್ಕೇ ದಿನ. ಈಗಿನ ಗತಿಯಲ್ಲಿ ಎಂದು ತುಂಬೀತೆಂದು ಅಂದಾಜಿಸುವ ಸೌಲಭ್ಯವೂ ಆ ತಂತ್ರಾಂಶದಲ್ಲಿದೆ. ನಾಲ್ಕು ದಿನ ಮೊದಲೇ ತಿಳಿದರೆ ನಡುವೆ ಭಾನುವಾರ ಬಂದರೂ, ರಸ್ತೆಗೆ ಮರ ಬಿದ್ದರೂ ರಿಪೇರಿಯವರು ಬಂದು ಮುಟ್ಟಿಯಾರು.

ಹಂದಿ ಕಾಯುವವನು ಎಲೆ ಅಲುಗಿದಾಗಲೆಲ್ಲ ಡಬ್ಬ ಬಡಿದರೆ ಊರವರು ಕಂಬಳಿ ಹೊದ್ದು ಮಲಗುತ್ತಾರೆ. ಸಂದೇಶ ಹೋಗಬೇಕಾದದ್ದು ಕೆಲಸ ಮಾಡಬಲ್ಲ ಒಬ್ಬರಿಗೆ. ಅವರು ಸಿಗದಿದ್ದರೆ ಎರಡನೆಯವರಿಗೆ. ಏನು ಮಾಡಬೇಕೆಂಬುದೂ ಅದರಲ್ಲೇ ಇರಲಿ. ನಿರ್ದೇಶಕರು ರಾತ್ರಿ ಎರಡಕ್ಕೆ ಎದ್ದು ಮಾಡುವುದೇನೂ ಇಲ್ಲ.

ಇನ್ನೊಂದು ಮಾತು. ಮಳೆಗಾಲದಲ್ಲಿ ಕರೆಂಟು ಹೋಗಿ ಬ್ಯಾಟರಿಯೂ ಮುಗಿದರೆ ಸರ್ವರಿನೊಡನೆ ಅದರೊಳಗಿನ ಕಾವಲೂ ಆರುತ್ತದೆ. ಸಂದೇಶವೇ ಬರುವುದಿಲ್ಲ, ಎಲ್ಲ ಸರಿಯಿದೆ ಎಂದುಕೊಳ್ಳುತ್ತೇವೆ. ಹತ್ತು ನಿಮಿಷಕ್ಕೊಮ್ಮೆ 'ಇದ್ದೇನೆ' ಎಂಬ ಸಂಕೇತ ಬೇರೆ ಊರಿನಲ್ಲಿರುವ ಯಂತ್ರಕ್ಕೆ ಹೋಗುತ್ತಿರಬೇಕು, ಅದು ನಿಂತರೆ ಆ ಯಂತ್ರ ಕೂಗಬೇಕು. ಈ ಏರ್ಪಾಡಿಲ್ಲದ ಯಾವ ದರಪಟ್ಟಿಗೂ ಮಂಜೂರಾತಿ ಕೊಡಬಾರದೆಂಬುದು ನಮ್ಮ ಅಭಿಪ್ರಾಯ. ವಿಷಯವು ಆಡಳಿತ ಮಂಡಳಿಯ ಮುಂದಿನ ಸಭೆಗೆ ಬರಲಿದೆ. ಸದಸ್ಯ ಬಾಂಧವರು ಅದಕ್ಕೆ ಮೊದಲೇ ತಮ್ಮ ಅನಿಸಿಕೆಯನ್ನು ಕಚೇರಿಗೆ ಬರೆದು ತಿಳಿಸಬೇಕಾಗಿ ಕೋರುತ್ತೇವೆ.