ನುಡಿಸಲು ಬಾರದವರ ಹಕ್ಕು

ಪಂಕ್ ರಾಕ್ ಎಂದರೆ ನುಡಿಸಲು ಬಾರದವರ ಕೂಗಾಟ, ಅದು ಬಿಟ್ಟುಹೋದದ್ದು ಹರಿದ ಬಟ್ಟೆ ಮತ್ತು ಸೇಫ್ಟಿ ಪಿನ್ ಮಾತ್ರ ಎಂದು ಕಳೆದ ಸಂಚಿಕೆಯ ಲೇಖನ ತೀರ್ಪು ಕೊಟ್ಟಿದೆ. ಇದನ್ನು ಒಪ್ಪಲಾಗದು.

1976ರ ಜೂನ್ 4ರಂದು ಮ್ಯಾಂಚೆಸ್ಟರಿನ ಲೆಸ್ಸರ್ ಫ್ರೀ ಟ್ರೇಡ್ ಹಾಲಿನಲ್ಲಿ ಸೆಕ್ಸ್ ಪಿಸ್ಟಲ್ಸ್ ಎಂಬ ಪಂಕ್ ತಂಡ ಹಾಡಿತು. ಟಿಕೆಟ್ 50 ಪೆನ್ಸ್. ಬಹುಪಾಲು ಕುರ್ಚಿಗಳು ಖಾಲಿ. ಏರ್ಪಡಿಸಿದವರು ಹೊವರ್ಡ್ ಡಿವೋಟೊ, ಪೀಟ್ ಶೆಲ್ಲಿ ಎಂಬ ವಿದ್ಯಾರ್ಥಿಗಳು. ಕೇಳಲು ಬಂದಿದ್ದ ಪೀಟರ್ ಹುಕ್ ಮರುದಿನವೇ ಬೇಸ್ ಗಿಟಾರ್ ಕೊಂಡರು. ಗೆಳೆಯ ಬರ್ನಾರ್ಡ್ ಸಮ್ನರ್ ಜೊತೆ ಅವರು ಕಟ್ಟಿದ ತಂಡವೇ ಮುಂದೆ ಜಾಯ್ ಡಿವಿಷನ್ ಆಯಿತು. ಡಿವೋಟೊ, ಶೆಲ್ಲಿಯವರ ಬಝ್‌ಕಾಕ್ಸ್ ತಂಡ ಸಾಲ ಮಾಡಿ, 1977ರ ಜನವರಿಯಲ್ಲಿ ‘ಸ್ಪೈರಲ್ ಸ್ಕ್ರ್ಯಾಚ್’ ರೆಕಾರ್ಡನ್ನು ತಾನೇ ಹೊರತಂದಿತು. ಲಂಡನ್ನಿನ ದೊಡ್ಡ ಕಂಪನಿಗಳ ಕೃಪೆಗೆ ಕಾಯಲಿಲ್ಲ.

ಆ ರಾತ್ರಿಯ ವಾದನ ಒರಟಾಗಿತ್ತು, ನಿಜ. ಆದರೆ ಆ ಒರಟುತನವೇ ಸಾಮಾನ್ಯರ ಮಕ್ಕಳಿಗೆ ‘ಇದು ನಮ್ಮಿಂದಲೂ ಆಗುತ್ತದೆ’ ಎಂಬ ಧೈರ್ಯ ತುಂಬಿತು. ಕಲೆಗೆ ಶ್ರುತಿಶುದ್ಧಿ ಬೇಕು, ಸರಿ. ಅದಿಲ್ಲದವರು ವೇದಿಕೆ ಹತ್ತಲೇಬಾರದು ಎಂದರೆ, ಪಾಠಕ್ಕೆ ದುಡ್ಡಿದ್ದವರಷ್ಟೇ ಅಲ್ಲಿ ಉಳಿಯುತ್ತಾರೆ. ಬಂಡಾಯವನ್ನು ಉಡುಪಿನಿಂದ ಅಳೆದ ಲೇಖಕರು, ಆ ಸಂಗೀತವನ್ನು ಕೇಳಿ ವಾದ್ಯ ಕೈಗೆತ್ತಿಕೊಂಡವರನ್ನೂ ಲೆಕ್ಕಕ್ಕೆ ಹಿಡಿಯಲಿ.